ಮೊದಲು ಉಸಿರು ಬಿಡಿ

ಇನ್‌ಹೇಲರ್ ಬಳಸುವವರು ನನ್ನ ಮೇಜಿನ ಎದುರು ಬಂದು ಕುಳಿತಾಗ "ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಹಾಗೆ ಕೇಳಿದರೆ ಸಿಗುವ ಉತ್ತರ ಒಂದೇ: "ಹೌದು ಮೇಡಂ, ಎರಡು ಹೊತ್ತೂ ತಪ್ಪಿಸಿಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ನಿಜಕ್ಕೂ ಎರಡು ಹೊತ್ತೂ ತಪ್ಪಿಸಿರುವುದಿಲ್ಲ. ಆದರೆ ಔಷಧ ಎದೆಗೆ ಇಳಿಯಿತೇ ಎಂಬುದಕ್ಕೆ ಆ ಮಾತಿನಲ್ಲಿ ಉತ್ತರವಿಲ್ಲ. ಹಾಗಾಗಿ ಈಗ ನಾನು ಹೇಳುವುದು ಇಷ್ಟೇ: "ಮನೆಯಲ್ಲಿ ಹೇಗೆ ತೆಗೆದುಕೊಳ್ಳುತ್ತೀರೋ ಹಾಗೆಯೇ ಇಲ್ಲಿ ಒಮ್ಮೆ ತೋರಿಸಿ."

ತೋರಿಸಲು ಹೊರಟಾಗ ಎಲ್ಲವೂ ಹೊರಗೆ ಬರುತ್ತದೆ. ಒಬ್ಬರು ಡಬ್ಬಿಯನ್ನು ಒಂದು ಗೇಣು ದೂರ ಹಿಡಿದು ತೆರೆದ ಬಾಯಿಗೆ ಸಿಂಪಡಿಸಿಕೊಳ್ಳುತ್ತಾರೆ. ಇನ್ನೊಬ್ಬರು ಬಾಯಲ್ಲಿಟ್ಟು ಒತ್ತುತ್ತಾರೆ, ಉಸಿರನ್ನು ಮಾತ್ರ ಮೂಗಿನಿಂದ ಎಳೆಯುತ್ತಾರೆ. ಒತ್ತಿದ ಮೇಲೆ ಎಳೆಯುವ ಬದಲು ಊದುವವರಿದ್ದಾರೆ. ಒಂದೇ ಉಸಿರಿಗೆ ಮೂರು ಸಲ ಒತ್ತುವವರಿದ್ದಾರೆ. ಪುಡಿ ತುಂಬಿದ ಕ್ಯಾಪ್ಸೂಲನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನೀರಿನಲ್ಲಿ ನುಂಗಿ, ಆ ಪುಡಿಯನ್ನು ಉಸಿರಿನಲ್ಲಿ ಎಳೆಯಲೆಂದು ಜೊತೆಗೆ ಕೊಟ್ಟಿದ್ದ ರೋಟಾಹೇಲರ್ ಎಂಬ ಸಾಧನವನ್ನು ಪೊಟ್ಟಣದಿಂದಲೇ ತೆಗೆಯದೆ ತಿಂಗಳು ಕಳೆದವರನ್ನೂ ಕಂಡಿದ್ದೇನೆ. ಚೀಟಿಯಲ್ಲಿ ಮಾತ್ರೆಯ ಮುಂದೆ 1-0-1 ಎಂದು ಬರೆದಿತ್ತು, ಕ್ಯಾಪ್ಸೂಲಿನ ಮುಂದೆಯೂ 1-0-1 ಎಂದೇ ಬರೆದಿತ್ತು. ಅವರು ಎರಡನ್ನೂ ನುಂಗಿದರು. ಇದರಲ್ಲಿ ಅವರ ತಪ್ಪು ಏನಿದೆ?

ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್. ಕಿಟಕಿಯಿಂದ ಔಷಧ ಕೊಡುವುದು ಕೆಲಸದ ಒಂದು ಭಾಗ. ಇನ್‌ಹೇಲರ್ ಬರೆಸಿಕೊಂಡು ಬಂದವರನ್ನು ಒಳಗೆ ಕರೆದು ಕೂರಿಸಿಕೊಳ್ಳುವುದು ನಾನಾಗಿ ಹಚ್ಚಿಕೊಂಡ ಇನ್ನೊಂದು ಭಾಗ. ಇದಕ್ಕೆ ಯಾರ ಆದೇಶವೂ ಇಲ್ಲ, ಬೇರೆ ಕೋಣೆಯೂ ಇಲ್ಲ. ಉಗ್ರಾಣದ ಬಾಗಿಲ ಬಳಿ ಒಂದು ಮೇಜು, ಎರಡು ಕುರ್ಚಿ, ಔಷಧವಿಲ್ಲದ ಒಂದಿಷ್ಟು ಮಾದರಿ ಸಾಧನಗಳು, ಗೋಡೆಗೆ ಒಂದು ಕನ್ನಡಿ. ಕನ್ನಡಿ ಯಾಕೆಂದರೆ, ತಾನು ಎಳೆದದ್ದು ಬಾಯಿಯ ಸಂದಿಯಿಂದ ಬಿಳಿ ಹೊಗೆಯಾಗಿ ಹೊರಗೆ ಹೋಗುವುದನ್ನು ರೋಗಿ ತಾನೇ ನೋಡಬೇಕು. ನಾನು ಹತ್ತು ಸಲ ಹೇಳಿದರೂ ಮನಸ್ಸಿಗೆ ಇಳಿಯದ್ದು ಆ ಹೊಗೆಯನ್ನು ಒಮ್ಮೆ ಕಂಡರೆ ಇಳಿಯುತ್ತದೆ.

ಒಬ್ಬ ಅಜ್ಜನ ವಿಷಯ ಹೇಳಬೇಕು. ನೀಲಿ ಬಣ್ಣದ ಇನ್‌ಹೇಲರನ್ನು ಅವರು ಎಲೆಅಡಿಕೆ ಸಂಚಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಮುಚ್ಚಳ ಎಂದೋ ಕಳೆದುಹೋಗಿತ್ತು. "ಇತ್ತೀಚೆಗೆ ಇದರಲ್ಲಿ ದಮ್ಮೇ ಇಲ್ಲ ಮಗಳೇ, ಕಂಪನಿಯವರು ನೀರು ಬೆರೆಸುತ್ತಿದ್ದಾರೆ" ಎಂದು ದೂರಿದರು. ಬಾಯಿಗಿಡುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗಡೆ ಅಡಿಕೆ ಚೂರು, ಒಣಗಿದ ಸುಣ್ಣ, ಔಷಧ ಚಿಮ್ಮುವ ಸಣ್ಣ ತೂತಿನ ಸುತ್ತ ಗಟ್ಟಿಯಾಗಿ ಕೂತಿದ್ದ ಬಿಳಿ ಪುಡಿ. ಲೋಹದ ಡಬ್ಬಿಯನ್ನು ಹೊರಗೆಳೆದು, ಪ್ಲಾಸ್ಟಿಕ್ ಕವಚವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಕೊಡವಿ ಒಣಗಿಸಿ, ಮತ್ತೆ ಕೂರಿಸಿ ಗಾಳಿಗೆ ಎರಡು ಸಲ ಒತ್ತಿದೆ. ಮೊದಲಿನ ರಭಸ ಬಂತು. ಅವರ ಬಾಯಲ್ಲಿ ಆಗಲೂ ಕವಳವಿತ್ತು. ಬಾಯಿ ತೊಳೆದುಕೊಂಡು ಬಂದು ಎಳೆದರು. ಕವಳ ಬಾಯಲ್ಲಿಟ್ಟುಕೊಂಡು ಎಳೆಯಬಾರದು ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಯಾವ ಮಾರ್ಗಸೂಚಿಯಲ್ಲೂ ಅದನ್ನು ಬರೆದಿರುವುದಿಲ್ಲ. ಮಾರ್ಗಸೂಚಿ ಬರೆಯುವವರ ಊರಿನಲ್ಲಿ ಕವಳ ಹಾಕುವವರು ಇರುವುದಿಲ್ಲ.

ಇದು ನಮ್ಮ ಊರಿನವರಿಗೆ ಮಾತ್ರ ಬರುವ ತೊಂದರೆಯೂ ಅಲ್ಲ, ಅಕ್ಷರ ಬಾರದವರಿಗೆ ಮಾತ್ರ ಬರುವುದೂ ಅಲ್ಲ. 1975ರಿಂದ 2014ರವರೆಗೆ ಬೇರೆ ಬೇರೆ ದೇಶಗಳಲ್ಲಿ ನಡೆದ 144 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಮರ್ಶೆ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಲೆಕ್ಕಕ್ಕೆ ಬಂದ ರೋಗಿಗಳು ಐವತ್ತು ಸಾವಿರಕ್ಕೂ ಹೆಚ್ಚು. ಸರಿಯಾಗಿ ಎಳೆಯುವವರು ನೂರಕ್ಕೆ 31 ಮಂದಿ ಮಾತ್ರ. ನಾಲ್ಕು ದಶಕಗಳಲ್ಲಿ ಸಾಧನಗಳು ಬದಲಾದವು, ಔಷಧಗಳು ಬದಲಾದವು, ಈ ಸಂಖ್ಯೆ ಮಾತ್ರ ಮೇಲೇರಲಿಲ್ಲ. ಕಲಿಸಬೇಕಾದವರನ್ನೇ ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಇನ್ನೊಂದು ವಿಮರ್ಶೆ 2018ರಲ್ಲಿ ಬಂತು. ವೈದ್ಯರು, ದಾದಿಯರು, ನನ್ನಂಥ ಫಾರ್ಮಸಿಸ್ಟರಲ್ಲಿ ಪೂರ್ತಿ ಸರಿಯಾಗಿ ಮಾಡಿ ತೋರಿಸಿದವರು ನೂರಕ್ಕೆ ಹದಿನೈದರಷ್ಟು. ರೋಗಿಗಳಿಗಿಂತ ನಾವೇ ಹಿಂದೆ. ಇದನ್ನು ಓದಿದಾಗ ನನಗೆ ಬಂದದ್ದು ಕೋಪ. ನಮ್ಮ ಓದಿನ ವರ್ಷಗಳಲ್ಲಿ ಔಷಧದ ರಾಸಾಯನಿಕ ರಚನೆಯನ್ನು ಪುಟಗಟ್ಟಲೆ ಬರೆಸುತ್ತಾರೆ. ಅದನ್ನು ಎದೆಯವರೆಗೆ ತಲುಪಿಸುವ ಉಸಿರನ್ನು ಕಲಿಸಲು ಒಂದು ಮಧ್ಯಾಹ್ನವನ್ನೂ ಇಡುವುದಿಲ್ಲ.

ಇಷ್ಟೆಲ್ಲ ಕಷ್ಟಪಡುವ ಬದಲು ಮಾತ್ರೆಯನ್ನೇ ನುಂಗಬಾರದೇ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉಬ್ಬಸವನ್ನು ಬೇಗ ಇಳಿಸುವ ಸಾಲ್ಬುಟಮಾಲ್‌ನ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಔಷಧವಿರುತ್ತದೆ. ಅದೇ ಔಷಧ ಇನ್‌ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ ಬರುತ್ತದೆ. ಅಂದರೆ ಒಂದು ಮಾತ್ರೆ ನಲವತ್ತು ಒತ್ತಿಗೆ ಸಮ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಉಳಿದಷ್ಟು ಎದೆಗೆ ಬರಬೇಕು. ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ಎಳೆದ ಔಷಧ ನೇರವಾಗಿ ಶ್ವಾಸನಾಳಕ್ಕೇ ಬೀಳುತ್ತದೆ. ಅಷ್ಟು ಸಣ್ಣ ಪ್ರಮಾಣ ಸಾಕಾಗುವುದು ಅದಕ್ಕೆ. ಆದರೆ ಅಲ್ಲಿಗೆ ಹೋಗಿ ಬಿದ್ದರೆ ಮಾತ್ರ. ಒಂದರಿಂದ ಐದು ಮೈಕ್ರಾನ್ ಗಾತ್ರದ ಕಣಗಳಷ್ಟೇ ಶ್ವಾಸಕೋಶದ ಸಣ್ಣ ಕವಲುಗಳವರೆಗೆ ಹೋಗಬಲ್ಲವು. ದಪ್ಪ ಕಣಗಳೂ, ರಭಸದಿಂದ ಬಂದ ಕಣಗಳೂ ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲೇ ಕೂರುತ್ತವೆ. ತಪ್ಪಾಗಿ ಎಳೆದವರು ಔಷಧ ತೆಗೆದುಕೊಂಡದ್ದು ಗಂಟಲಿಗೆ, ಉಬ್ಬಸವಿದ್ದದ್ದು ಎದೆಯಲ್ಲಿ.

ಉಬ್ಬಸಕ್ಕೆ ಔಷಧವನ್ನು ಉಸಿರಿನಲ್ಲಿ ಎಳೆಯುವುದು ಹೊರಗಿನಿಂದ ಬಂದ ಪದ್ಧತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದತ್ತೂರಿಯ ಎಲೆಯನ್ನೂ ಬೇರನ್ನೂ ಒಣಗಿಸಿ ಅದರ ಹೊಗೆ ಎಳೆಯುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. 1802ರ ಸುಮಾರಿಗೆ ಮದ್ರಾಸಿನಲ್ಲಿದ್ದ ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಒಯ್ದರು, ಅಲ್ಲಿ ಉಬ್ಬಸಕ್ಕೆ ದತ್ತೂರಿ ಸೇದುವುದು ದೊಡ್ಡ ಚಾಲ್ತಿಗೆ ಬಂತು. ದತ್ತೂರಿ ವಿಷ, ಇಂದು ಯಾರೂ ಅದರ ಹತ್ತಿರ ಹೋಗಬಾರದು. ಆದರೆ ಅದರಲ್ಲಿರುವ ಅಟ್ರೋಪಿನ್‌ನ ರಚನೆಯನ್ನೇ ತಿದ್ದಿ ತೀಡಿ ಮಾಡಿದ ಔಷಧಗಳು ಇಪ್ರಾಟ್ರೋಪಿಯಂ ಮತ್ತು ಟಿಯೋಟ್ರೋಪಿಯಂ. ನನ್ನ ಮೇಜಿನಿಂದ ಪ್ರತಿದಿನ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ, ಇರುವ ರೋಗಿಗಳ ಕೈ ಸೇರುವ ಔಷಧಗಳು ಇವೇ. ಇನ್ನು ಒತ್ತುವ ಡಬ್ಬಿ ಹುಟ್ಟಿದ್ದು ಒಬ್ಬ ಹುಡುಗಿಯ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೆ ಅಸ್ತಮಾ ಇತ್ತು. ಒಡೆದುಹೋಗುವ ಗಾಜಿನ ಉಪಕರಣವನ್ನು ಕೈಯಲ್ಲಿ ಒತ್ತಿ ಒತ್ತಿ ಬೇಸತ್ತಿದ್ದ ಅವಳು, ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ನನ್ನ ಔಷಧವನ್ನೂ ಡಬ್ಬಿಯಲ್ಲಿ ತುಂಬಲು ಆಗುವುದಿಲ್ಲವೇ ಎಂದು ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ ಅಂಥ ಡಬ್ಬಿ ಮಾರುಕಟ್ಟೆಗೆ ಬಂತು. ಅದರ ಮೂಲ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು, ನನಗೆ ಹೇಳಲೇಬೇಕಾದ ಒಂದು ಸಂಗತಿಗಾಗಿ.

ಮುಚ್ಚಳ ತೆಗೆಯಿರಿ, ಕುಲುಕಿ, ಉಸಿರು ಬಿಡಿ, ತುಟಿ ಬಿಗಿಹಿಡಿಯಿರಿ, ನಿಧಾನವಾಗಿ ಎಳೆಯಲು ಶುರುಮಾಡುತ್ತಲೇ ಒತ್ತಿ, ಎಳೆಯುತ್ತಲೇ ಇರಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಕ್ರಮ ಇಷ್ಟೇ. ಕೈಗೂ ಉಸಿರಿಗೂ ಹೊಂದಿಸುವುದೇ ಇದರಲ್ಲಿ ಕಷ್ಟದ್ದು ಎಂದು ಎಲ್ಲರೂ ತಿಳಿದಿದ್ದಾರೆ. ಅದು ಕಷ್ಟವೇ, ಆದರೆ ಅಭ್ಯಾಸದಿಂದ ಬರುತ್ತದೆ. ನಾನು ಕಂಡಂತೆ ಬಾರದೇ ಉಳಿಯುವುದು ಮೂರನೆಯದು. ಉಸಿರು ಬಿಡುವುದು. ಒಟ್ಟುಗೂಡಿಸಿದ ಆ ಅಧ್ಯಯನಗಳಲ್ಲೂ ಪುಡಿ ಎಳೆಯುವವರಲ್ಲಿ ನೂರಕ್ಕೆ 46 ಮಂದಿ ಎಳೆಯುವ ಮೊದಲು ಉಸಿರನ್ನು ಪೂರ್ತಿ ಬಿಟ್ಟಿರಲಿಲ್ಲ. ಇದನ್ನು ಮರೆವು ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಎದುರು ಕುಳಿತು ನೋಡಿದವರಿಗೆ ಇದು ಮರೆವಲ್ಲ ಎಂದು ಗೊತ್ತಾಗುತ್ತದೆ. ಅದು ಭಯ.

ಉಸಿರು ಸಾಲದೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತು ಬೆಳಗು ಮಾಡಿದವರಿಗೆ ನಾವು ಹೇಳುತ್ತಿರುವುದಾದರೂ ಏನು? ಇರುವ ಉಸಿರನ್ನೂ ಹೊರಗೆ ಹಾಕಿ ಎಂದು. ಮಾತಿನ ಮಧ್ಯೆ ಎರಡು ಸಲ ನಿಂತು ಗಾಳಿ ಎಳೆದುಕೊಳ್ಳುವ ಮನುಷ್ಯನಿಗೆ ತನ್ನಲ್ಲಿರುವ ಗಾಳಿಯೆಲ್ಲ ಆಸ್ತಿ. ಅದನ್ನು ಬಿಟ್ಟುಕೊಟ್ಟರೆ ಮುಂದಿನ ಉಸಿರು ಬರುತ್ತದೆ ಎಂಬ ನಂಬಿಕೆ ಅವರ ಮೈಗೆ ಎಂದೋ ತಪ್ಪಿಹೋಗಿದೆ. ಹಾಗಾಗಿ "ಉಸಿರು ಬಿಡಿ" ಎಂದಾಗ ಬಾಯಿ ಸ್ವಲ್ಪ ತೆರೆದು, ಬಿಟ್ಟಂತೆ ಮಾಡಿ, ಒಳಗಿನದನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತಾರೆ. ಆಮೇಲೆ ಔಷಧ ಎಳೆಯಲು ಹೋದರೆ ಒಳಗೆ ಜಾಗವೇ ಇರುವುದಿಲ್ಲ. ಅರೆ ಉಸಿರು ಎಳೆಯುವಷ್ಟರಲ್ಲಿ ಎದೆ ತುಂಬಿ ಕೆಮ್ಮು ಬರುತ್ತದೆ.

ಇದರಲ್ಲಿ ಇನ್ನೂ ಒಂದು ಸಂಕಟವಿದೆ. ಸಿಒಪಿಡಿಯಲ್ಲಿ ಮೊದಲು ಕೆಡುವುದೇ ಉಸಿರು ಬಿಡುವ ಶಕ್ತಿ. ರೋಗಿಗೆ ಅನ್ನಿಸುವುದು ಗಾಳಿ ಒಳಗೆ ಬರುತ್ತಿಲ್ಲವೆಂದು. ನಿಜಕ್ಕೂ ಆಗಿರುವುದು ಹಳೆಯ ಗಾಳಿ ಹೊರಗೆ ಹೋಗದಿರುವುದು. ಶ್ವಾಸಕೋಶದ ಗೋಡೆಗಳು ಹಿಗ್ಗಿ ಕುಗ್ಗುವ ಗುಣ ಕಳೆದುಕೊಂಡಿರುತ್ತವೆ. ಉಸಿರು ಬಿಡುವಾಗ ಸಣ್ಣ ನಾಳಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಎದೆ ಉಬ್ಬಿ ಪೀಪಾಯಿಯಾಗುವುದು ಇದರಿಂದಲೇ. ಜೋರಾಗಿ ಊದಿದಷ್ಟೂ ನಾಳಗಳು ಇನ್ನಷ್ಟು ಬೇಗ ಮುಚ್ಚುತ್ತವೆ. ನಿಧಾನವಾಗಿ, ತುಟಿಯನ್ನು ಸ್ವಲ್ಪವೇ ತೆರೆದು ಬಿಟ್ಟರೆ ನಾಳಗಳಲ್ಲಿ ಒತ್ತಡ ಉಳಿದು, ತೆರೆದೇ ಇದ್ದು, ಗಾಳಿ ಹೆಚ್ಚು ಹೊರಬರುತ್ತದೆ.

ಒಬ್ಬ ಅಮ್ಮ ಬರುತ್ತಿದ್ದರು. ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. ಸಿಒಪಿಡಿ ಹೇಗೆ ಬಂತು ಎಂದು ಅವರ ಮಗನಿಗೆ ಆಶ್ಚರ್ಯ. ನಮ್ಮ ಕಡೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಹದಿನಾರಕ್ಕೆ ಮದುವೆಯಾಗಿ ಬಂದ ದಿನದಿಂದ ಬೆಳಿಗ್ಗೆ ಎದ್ದು ಹೊತ್ತಿಸುವ ಮೊದಲ ಬೆಂಕಿ ಬಚ್ಚಲ ಒಲೆಯದು, ಆಮೇಲೆ ಅಡುಗೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಿಂದ ಹಳ್ಳಿಗಳಿಗೆ ಬಂತು, 2016ರಿಂದ ಉಜ್ವಲಾ ಯೋಜನೆಯ ಸಿಲಿಂಡರ್ ಬಂತು. ಅಡುಗೆಮನೆಯ ಹೊಗೆ ಕಡಿಮೆಯಾಯಿತು. ಬಚ್ಚಲಲ್ಲಿ ಸೌದೆ, ಅಡಿಕೆ ಸಿಪ್ಪೆ ಉರಿಯುವುದು ಇಂದಿಗೂ ನಿಂತಿಲ್ಲ. ಮನೆಯಲ್ಲಿ ಗ್ಯಾಸ್ ಇದೆಯೇ ಎಂದು ಕೇಳಿ ಸುಮ್ಮನಾಗುವ ವೈದ್ಯರಿಗೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಸ್ನಾನದ ನೀರು ಹೇಗೆ ಕಾಯುತ್ತದೆ ಎಂದೂ ಕೇಳಬೇಕು.

ಆ ಅಮ್ಮನಿಗೆ ಉಸಿರು ಬಿಡುವುದು ಬರುತ್ತಲೇ ಇರಲಿಲ್ಲ. ನಾನು ಬಿಟ್ಟು ತೋರಿಸಿದೆ, ಅಂಗೈಯನ್ನು ಬಾಯ ಮುಂದೆ ಹಿಡಿಯಲು ಹೇಳಿದೆ. "ಬಿಟ್ಟರೆ ಎದೆ ಹಿಡಿದಂತಾಗುತ್ತದೆ ತಂಗಿ" ಎಂದು ತಲೆಯಾಡಿಸಿದರು. ಆಗ ಊದುಗೊಳವೆಯ ನೆನಪಾಯಿತು. "ಅಮ್ಮ, ಹಸಿ ಸೌದೆ ಹೊತ್ತಿಕೊಳ್ಳದಿದ್ದಾಗ ಏನು ಮಾಡುತ್ತೀರಿ? ಊದುಗೊಳವೆಯಲ್ಲಿ ಕೆಂಡ ಆರದ ಹಾಗೆ, ಬೂದಿ ಹಾರದ ಹಾಗೆ ಊದುತ್ತೀರಲ್ಲ, ಹಾಗೆ ಊದಿ" ಎಂದೆ. ಅವರು ಸೊಂಟವನ್ನು ತುಸು ಮುಂದೆ ಬಾಗಿಸಿ, ತುಟಿಗಳನ್ನು ಕೂಡಿಸಿ, ಕಣ್ಣನ್ನು ಅರೆಮುಚ್ಚಿ ಊದಿದರು. ಸಣ್ಣಗೆ, ಸಮವಾಗಿ, ಬಹಳ ಹೊತ್ತು. ಎಷ್ಟೋ ದಿನಗಳಿಂದ ಒಳಗೆ ಸಿಕ್ಕಿಕೊಂಡಿದ್ದ ಗಾಳಿಯೂ ಆ ಉಸಿರಿನ ಜೊತೆ ಹೊರಟಿತೇನೋ. ಅದು ಮುಗಿದ ಮೇಲೆ ಎಳೆದ ಉಸಿರು ನಾನು ಆವರೆಗೆ ಅವರಲ್ಲಿ ಕಂಡ ಉಸಿರುಗಳಲ್ಲೆಲ್ಲ ದೊಡ್ಡದು. ಅವರ ಮುಖದಲ್ಲಿ ಬೆರಗು ಕಂಡಿತು. ಬಿಟ್ಟರೂ ಉಸಿರು ಬರುತ್ತದೆ ಎಂಬುದು ಮೈಗೆ ತಿಳಿದ ಬೆರಗು.

ಅಂದಿನಿಂದ ಒಲೆ ಊದಿದ ಎಲ್ಲರಿಗೂ ನಾನು ಹೀಗೆಯೇ ಹೇಳಿಕೊಡುತ್ತೇನೆ. ಅವರ ಶ್ವಾಸಕೋಶವನ್ನು ಕೆಡಿಸಿದ ಒಲೆಯ ಎದುರೇ ಅವರು ಕಲಿತ ಉಸಿರು ಇದು. ಹೊಸದೇನನ್ನೂ ಕಲಿಸಬೇಕಾಗಿಲ್ಲ, ಅವರ ಮೈಯಲ್ಲಿ ಇರುವುದನ್ನು ಎಬ್ಬಿಸಿದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ಪೂರ್ತಿ ಬಿಡಬೇಕೆಂದು ಹಟ ಹಿಡಿದು ತಲೆ ಸುತ್ತುವವರೆಗೆ ಊದಬೇಡಿ, ಆರಾಮವಾಗಿ ಎಷ್ಟು ಹೋಗುತ್ತದೋ ಅಷ್ಟು ಬಿಡಿ. ಮತ್ತೆ, ಸಾಧನದೊಳಗೆ ಊದಬೇಡಿ, ಮುಖ ಪಕ್ಕಕ್ಕೆ ತಿರುಗಿಸಿ ಊದಿ. ಪುಡಿಯ ಸಾಧನದೊಳಗೆ ಊದಿದರೆ ಪುಡಿ ಹಾರಿಹೋಗುತ್ತದೆ, ಉಳಿದದ್ದು ಉಸಿರಿನ ತೇವಕ್ಕೆ ಅಂಟಿಕೊಳ್ಳುತ್ತದೆ.

ಪುಡಿಯ ವಿಷಯ ಬಂದಾಗ ಎರಡು ಮಾತು. ಒತ್ತುವ ಡಬ್ಬಿಯದ್ದನ್ನು ನಿಧಾನವಾಗಿ ಎಳೆಯಬೇಕು. ರೋಟಾಹೇಲರ್, ರೆವೊಲೈಜರ್‌ನಂಥವುಗಳಿಂದ ಪುಡಿಯನ್ನು ಜೋರಾಗಿ, ಆಳವಾಗಿ, ಮೊದಲ ಕ್ಷಣದಿಂದಲೇ ರಭಸವಾಗಿ ಎಳೆಯಬೇಕು. ಡಬ್ಬಿಯಲ್ಲಿ ಔಷಧವನ್ನು ತಳ್ಳುವ ಅನಿಲವಿದೆ, ಪುಡಿಯನ್ನು ಒಡೆದು ಹಾರಿಸಲು ರೋಗಿಯ ಉಸಿರಲ್ಲದೆ ಬೇರೆ ಬಲವಿಲ್ಲ. ಒಂದೇ ಚೀಟಿಯಲ್ಲಿ ಎರಡನ್ನೂ ಬರೆದುಕೊಟ್ಟರೆ ರೋಗಿ ಎರಡು ವಿರುದ್ಧ ಉಸಿರುಗಳನ್ನು ನೆನಪಿಟ್ಟುಕೊಳ್ಳಬೇಕು. ಬಹಳ ಮಂದಿ ಅದಲುಬದಲು ಮಾಡುತ್ತಾರೆ. ಎರಡು ಔಷಧಕ್ಕೂ ಒಂದೇ ಬಗೆಯ ಸಾಧನ ಕೊಟ್ಟರೆ ಈ ತೊಂದರೆಯ ಅರ್ಧ ಭಾಗ ಅಲ್ಲೇ ತೀರುತ್ತದೆ. ತೀರಾ ನಿತ್ರಾಣವಾದವರಿಗೆ ಪುಡಿ ಎಳೆಯುವ ಬಲ ಇದೆಯೇ ಎಂದು ನೋಡದೆ ರೋಟಾಹೇಲರ್ ಕೊಡುವುದು ಔಷಧ ಕೊಡದೇ ಇದ್ದಂತೆ.

ಮಳೆಗಾಲ ಬಂದರೆ ನಮ್ಮಲ್ಲಿ ಪುಡಿಗೆ ಇನ್ನೊಂದು ಕಂಟಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರುಗಳಲ್ಲಿ ತೊಳೆದ ರೋಟಾಹೇಲರ್ ಒಣಗುವುದು ಎಲ್ಲಿಂದ ಬಂತು? ಒದ್ದೆ ಇರುವಾಗಲೇ ಕ್ಯಾಪ್ಸೂಲ್ ಹಾಕಿದರೆ ಪುಡಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಕ್ಯಾಪ್ಸೂಲಿನ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಕ್ಯಾಪ್ಸೂಲೇ ಮೆತ್ತಗಾಗಿ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟವರಿದ್ದಾರೆ. ಅದೂ ಬೇಡ, ಶಾಖಕ್ಕೂ ಔಷಧ ಕೆಡುತ್ತದೆ. ಒತ್ತುವ ಡಬ್ಬಿಯಂತೂ ಬೆಂಕಿಯ ಹತ್ತಿರ ಸಿಡಿಯಬಹುದು. ಎರಡು ರೋಟಾಹೇಲರ್ ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಬಳಸಿ ಎಂದು ನಾನು ಹೇಳುತ್ತೇನೆ. ಔಷಧಕ್ಕೆ ಹೋಲಿಸಿದರೆ ಅದು ದುಬಾರಿಯ ವಸ್ತುವಲ್ಲ. ಎಳೆದ ಮೇಲೆ ಒಳಗಡೆ ಪುಡಿ ಉಳಿದಿದೆಯೇ ನೋಡಿ, ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ.

ಕೈಗೂ ಉಸಿರಿಗೂ ಎಷ್ಟು ಮಾಡಿದರೂ ಹೊಂದದವರಿಗೆ, ಮಕ್ಕಳಿಗೆ, ಕೈಬೆರಳು ಸೆಟೆದ ವಯಸ್ಸಾದವರಿಗೆ ಸ್ಪೇಸರ್, ಅಂದರೆ ಒತ್ತುವ ಡಬ್ಬಿಯ ಮೂತಿಗೆ ಸಿಕ್ಕಿಸುವ ಖಾಲಿ ಕೊಳವೆ, ಬೇಕೇ ಬೇಕು. ಡಬ್ಬಿಯಿಂದ ಹಾರಿದ ಔಷಧ ಆ ಖಾಲಿ ಕೊಳವೆಯಲ್ಲಿ ವೇಗ ಕಳೆದುಕೊಂಡು ನಿಲ್ಲುತ್ತದೆ. ರೋಗಿ ತನ್ನ ಪಾಡಿಗೆ ನಾಲ್ಕೈದು ಸಲ ಸಹಜವಾಗಿ ಉಸಿರಾಡಿದರೆ ಸಾಕು. ಉಬ್ಬಸ ಜೋರಾಗಿದ್ದು ಉಸಿರು ಬಿಡಲೂ ಹಿಡಿಯಲೂ ಆಗದ ಹೊತ್ತಿನಲ್ಲಿ ಒತ್ತುವ ಡಬ್ಬಿಯನ್ನು ಬಳಸಲು ಇದೇ ದಾರಿ. ಸಮಸ್ಯೆಯೆಂದರೆ ಸ್ಪೇಸರ್ ಎಲ್ಲ ಕಡೆ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಮಕ್ಕಳ ವೈದ್ಯೆ ಹೀದರ್ ಝಾರ್ ಮತ್ತು ಸಂಗಡಿಗರು ಇದಕ್ಕೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪರಿಹಾರ ಕಂಡರು. ಬಾಟಲಿಯ ತಳದಲ್ಲಿ ಇನ್‌ಹೇಲರಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು, ಸುತ್ತ ಗಾಳಿಯಾಡದಂತೆ ಅಂಟು, ಬಾಟಲಿಯ ಬಾಯಿ ಮಗುವಿನ ಬಾಯಿಗೆ. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಉಬ್ಬಸ ಬಂದ ಮಕ್ಕಳಿಗೆ ಈ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. ನಾನೂ ಮಾಡಿಕೊಡುತ್ತೇನೆ. ತೂತು ಸಡಿಲವಾಗಬಾರದು, ಇದರ ಗುಟ್ಟೆಲ್ಲ ಅಲ್ಲಿದೆ. ಹೊಸ ಪ್ಲಾಸ್ಟಿಕ್ಕಿಗೆ ಔಷಧದ ಕಣಗಳು ಅಂಟಿಕೊಳ್ಳುತ್ತವೆ. ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಅದ್ದಿ, ಒರೆಸದೆ, ಹಾಗೆಯೇ ಒಣಗಲು ಬಿಟ್ಟರೆ ಅದು ಕಡಿಮೆಯಾಗುತ್ತದೆ. ಬಟ್ಟೆಯಿಂದ ಉಜ್ಜಿದರೆ ಮತ್ತೆ ಹೆಚ್ಚಾಗುತ್ತದೆ.

ಎಳೆಯಲು ಬಂದ ಮೇಲೂ ಕೆಲವರು ಎಳೆಯುವುದಿಲ್ಲ. "ಪಂಪ್ ಹಿಡಿದರೆ ಮತ್ತೆ ಬಿಡಲಾಗುವುದಿಲ್ಲ" ಎಂಬ ಮಾತು ಊರಿಂದ ಊರಿಗೆ ನಡೆಯುತ್ತಲೇ ಇದೆ. ಅದು ಚಟ ಹಿಡಿಸುವ ವಸ್ತುವಲ್ಲ; ಬಿಡಲಾಗದಿರುವುದು ರೋಗ ಉಳಿದಿರುವುದರಿಂದ. ರಕ್ತದೊತ್ತಡದ ಮಾತ್ರೆಯನ್ನು ಹತ್ತು ವರ್ಷ ನುಂಗುವವರನ್ನು ಯಾರೂ ಚಟದವರೆನ್ನುವುದಿಲ್ಲ. ಮದುವೆಯ ವಯಸ್ಸಿಗೆ ಬಂದ ಹುಡುಗಿಯ ತಾಯಿ ಸೆರಗಿನೊಳಗೆ ಇನ್‌ಹೇಲರ್ ಬಚ್ಚಿಟ್ಟುಕೊಂಡು ಬಂದು, "ಇದರ ಬದಲು ಮಾತ್ರೆ ಕೊಡಿ, ನಾಳೆ ಹುಡುಗನ ಕಡೆಯವರು ಬರುತ್ತಾರೆ" ಎಂದಾಗ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಹುಡುಗಿಯನ್ನೇ ಕೂರಿಸಿಕೊಂಡು ಮಾತನಾಡಿದೆ. ಅವಳಿಗೆ ಅಮ್ಮನಿಗಿಂತ ಹೆಚ್ಚು ಧೈರ್ಯವಿತ್ತು.

ಉಬ್ಬಸ ಜೋರಾದಾಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಶ್ವಾಸನಾಳ ಹಿಗ್ಗಿಸುವ ಡೆರಿಫಿಲಿನ್ ಜೊತೆ ಸ್ಟೀರಾಯ್ಡ್ ಸೇರಿಸಿ ಚುಚ್ಚಿಸಿಕೊಂಡು ಬರುವ ರೂಢಿ ಬಲವಾಗಿದೆ. ಅರ್ಧ ಗಂಟೆಯಲ್ಲಿ ಹಗುರವಾಗುತ್ತದೆ, ಎರಡು ವಾರಕ್ಕೆ ಮತ್ತೆ ಅದೇ ಬಾಗಿಲು. ಹಾಗೆ ಚುಚ್ಚಿಸಿಕೊಂಡ ಸ್ಟೀರಾಯ್ಡಿನ ಪ್ರಮಾಣದ ಮುಂದೆ ಇನ್‌ಹೇಲರಿನಲ್ಲಿರುವ ಸ್ಟೀರಾಯ್ಡ್ ಏನೇನೂ ಅಲ್ಲ. ಆದರೂ ಜನ ಹೆದರುವುದು ಇನ್‌ಹೇಲರಿಗೆ. ಇನ್ನೊಂದು ಕಡೆ, ಎಳೆದ ಕೂಡಲೇ ಹಗುರವೆನಿಸುವ ನೀಲಿಯದನ್ನು, ಅಂದರೆ ಸಾಲ್ಬುಟಮಾಲ್ ಇನ್‌ಹೇಲರನ್ನು, ಬಿಡದೆ ಹಿಡಿದು, ದಿನಾ ಎಳೆಯಬೇಕಾದ ಸ್ಟೀರಾಯ್ಡಿನದನ್ನು "ಏನೂ ಅನ್ನಿಸುವುದಿಲ್ಲ" ಎಂದು ಮೂಲೆಗೆ ಹಾಕುವವರು. ಅಸ್ತಮಾ ಇರುವವರಿಗೆ ನೀಲಿಯದೊಂದನ್ನೇ ಕೊಟ್ಟು ನಡೆಸಬಾರದೆಂದು ಜಾಗತಿಕ ಮಾರ್ಗದರ್ಶಿಯಾದ ಗಿನಾ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಸ್ಟೀರಾಯ್ಡ್ ಊತ ಇಳಿಸುವ ಔಷಧ, ಅದು ದಿನಗಳ ಮೇಲೆ ಕೆಲಸ ಮಾಡುತ್ತದೆ, ಆ ಕ್ಷಣಕ್ಕೆ ಏನೂ ತಿಳಿಯುವುದಿಲ್ಲ. ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟುತ್ತದೆ, ದನಿ ಒಡೆಯುತ್ತದೆ, ಅದಕ್ಕೆ ಹೆದರಿ ಔಷಧವನ್ನೇ ಬಿಡುತ್ತಾರೆ.

ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಮೀನಿನ ಔಷಧಕ್ಕೆ ಹೋಗುವವರು, ಕೊಪ್ಪಳದ ಕಡೆ ಅದೇ ದಿನ ಕೊಡುವ ಉಬ್ಬಸದ ಔಷಧಕ್ಕೆ ಹೋಗುವವರು ನನ್ನ ರೋಗಿಗಳಲ್ಲೂ ಇದ್ದಾರೆ. ಅವರ ನಂಬಿಕೆಯ ಜೊತೆ ನಾನು ಜಗಳವಾಡುವುದಿಲ್ಲ. ಆ ನೂಕುನುಗ್ಗಲಿಗೆ, ರಾತ್ರಿಯ ಪ್ರಯಾಣಕ್ಕೆ ಇನ್‌ಹೇಲರನ್ನು ಚೀಲದಲ್ಲಲ್ಲ, ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಬಂದ ಮೇಲೂ ಬಿಡಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಮುಂಗಾರಿನ ಆರಂಭವೆಂದರೆ ಉಬ್ಬಸ ಹೆಚ್ಚುವ ಕಾಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಸಿಒಪಿಡಿಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 35 ಲಕ್ಷ. ಸಾವಿನ ಕಾರಣಗಳಲ್ಲಿ ಅದು ನಾಲ್ಕನೆಯದು. ಇಷ್ಟು ದೊಡ್ಡ ರೋಗಕ್ಕೆ ಇರುವ ಮುಖ್ಯ ಔಷಧ ಎದೆಗೆ ಇಳಿಯುತ್ತಿದೆಯೇ ಎಂದು ನೋಡಲು ಬೇಕಾಗುವುದು ಐದಾರು ನಿಮಿಷ. ಹೊರರೋಗಿ ವಿಭಾಗದಲ್ಲಿ ನೂರಾರು ಜನರನ್ನು ನೋಡುವ ವೈದ್ಯರ ಬಳಿ ಆ ಐದು ನಿಮಿಷ ಇಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಐದು ನಿಮಿಷ ಯಾರದೋ ಕೆಲಸವೆಂದು ಎಲ್ಲಿಯಾದರೂ ಬರೆದಿರಬೇಕಲ್ಲ? ನನ್ನ ಕೇಳಿಕೆ ದೊಡ್ಡದಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಔಷಧವಿಲ್ಲದ ಮಾದರಿ ಸಾಧನಗಳು, ಅವುಗಳಿಗೆ ಬಿಸಾಡುವ ಮೂತಿಗಳು, ಕಲಿತ ಒಬ್ಬರು. ಚೀಟಿಯ ಮೇಲೆ "ಎಳೆಯುವುದನ್ನು ನೋಡಲಾಗಿದೆ" ಎಂದು ಸಹಿ ಹಾಕಲು ಒಂದು ಸಾಲು. ಒಮ್ಮೆ ಕಲಿಸಿದರೆ ಮುಗಿಯಲಿಲ್ಲ. ಚೆನ್ನಾಗಿ ಕಲಿತವರೂ ಒಂದೆರಡು ತಿಂಗಳಲ್ಲಿ ಯಾವುದೋ ಹೆಜ್ಜೆ ಬಿಡುತ್ತಾರೆ, ಸಾಮಾನ್ಯವಾಗಿ ಉಸಿರು ಬಿಡುವುದನ್ನೇ. ಆದ್ದರಿಂದ ಬಂದಾಗಲೆಲ್ಲ ನೋಡಬೇಕು.

ಕಳೆದ ಸಲದ ಸರಬರಾಜಿನಲ್ಲಿ ನಮಗೆ ಬೇರೆ ಕಂಪನಿಯ ಸಾಧನ ಬಂತು. ಔಷಧ ಅದೇ, ಕ್ಯಾಪ್ಸೂಲ್ ಹಾಕುವ ರೀತಿ ಬೇರೆ. ಹಳೆಯದರಲ್ಲಿ ಬುಡ ತಿರುಗಿಸಿದರೆ ಕ್ಯಾಪ್ಸೂಲ್ ಎರಡಾಗಿ ಬಿಚ್ಚಿಕೊಳ್ಳುತ್ತಿತ್ತು, ಹೊಸದರಲ್ಲಿ ಮುಚ್ಚಳ ಒತ್ತಿ ಸೂಜಿಯಿಂದ ಚುಚ್ಚಬೇಕು. ಯಾವ ಸೂಚನೆಯೂ ಜೊತೆಗೆ ಬರಲಿಲ್ಲ. ನೋಂದಣಿ ಪುಸ್ತಕ ತೆಗೆದು, ಅದನ್ನು ಒಯ್ದವರಿಗೆಲ್ಲ ಫೋನ್ ಮಾಡಿ ಕರೆಸುತ್ತಿದ್ದೇನೆ. ಅರ್ಧದಷ್ಟು ಜನರ ಸಂಖ್ಯೆ ಬದಲಾಗಿದೆ. ಆಶಾ ಕಾರ್ಯಕರ್ತೆಯರ ಮೂಲಕ ಹೇಳಿ ಕಳುಹಿಸಿದ್ದೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ತಿಂಗಳು ಹಳೆಯದಕ್ಕಿಂತ ಬೇರೆ ಆಕಾರದ ಇನ್‌ಹೇಲರ್ ಬಂದಿದ್ದರೆ, ಅದು ಸರ್ಕಾರಿ ಆಸ್ಪತ್ರೆಯದಾಗಲಿ, ಔಷಧದ ಅಂಗಡಿಯದಾಗಲಿ, ಕೊಟ್ಟವರ ಬಳಿಗೇ ಒಯ್ಯಿರಿ. ಬಳಸುವವರು ಅವರ ಮುಂದೆಯೇ ತೆರೆದು, ತುಂಬಿ, ಎಳೆದು ತೋರಿಸಲಿ. ಕೊಟ್ಟವರು ಪಕ್ಕದಲ್ಲಿ ನಿಂತು ನೋಡಲಿ. ಸಾಲು ಉದ್ದವಿದೆ, ಆಮೇಲೆ ಬನ್ನಿ ಎಂದರೆ ಆಮೇಲೆ ಹೋಗಿ. ತೋರಿಸದೆ ಮಾತ್ರ ಮನೆಗೆ ಬರಬೇಡಿ.